ಅಪ್ಪನ ಡಿಕ್ಷನರಿಯ ಅಂಟಿಸಿದ ಪುಟ

ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಕನ್ನಡ ಮಾತಾಡುವಂತಿರಲಿಲ್ಲ. ಚರ್ಚಿನಿಂದ ಬಂದು, ಹೊರಗಿನ ಬಟ್ಟೆ ಬಿಚ್ಚಿ ಹಗ್ಗದ ಮೇಲೆ ಹಾಕಿ, ಕೈ ತೊಳೆದು ಮೇಜಿಗೆ ಕೂತ ಕ್ಷಣದಿಂದ ಅಪ್ಪ ಏಳುವವರೆಗೆ ಉಪ್ಪು ಬೇಕಾದರೂ ಇಂಗ್ಲಿಷಿನಲ್ಲಿ ಕೇಳಬೇಕು, ನೀರು ಬೇಕಾದರೂ ಇಂಗ್ಲಿಷಿನಲ್ಲಿ ಕೇಳಬೇಕು. ಪದ ಗೊತ್ತಿಲ್ಲದಿದ್ದರೆ ಗೊತ್ತಿರುವ ಪದಗಳಿಂದ ಸುತ್ತುಬಳಸಿ ವರ್ಣಿಸಬೇಕು. ಒಮ್ಮೆ ನಾನು ಶೇಂಗಾ ಹಿಂಡಿಯನ್ನು, ಕೆಂಪಗಿರುವ, ಖಾರವಾದ, ನೆಲದೊಳಗೆ ಬೆಳೆಯುವ ಕಾಯಿಯ ಪುಡಿ ಎಂದು ಇಂಗ್ಲಿಷಿನಲ್ಲಿ ಜೋಡಿಸಿ ಹೇಳುವಷ್ಟರಲ್ಲಿ ತಟ್ಟೆಯ ರೊಟ್ಟಿ ತಣ್ಣಗಾಗಿತ್ತು. ಅಪ್ಪ ನಗಲಿಲ್ಲ. ಒಂದು ತಪ್ಪು ತಿದ್ದಿ, ಡಬ್ಬಿಯನ್ನು ನನ್ನ ಕಡೆ ಸರಿಸಿದರು.

ಮನೆ ಬೀದರಿನ ಮೈಲೂರಿನಲ್ಲಿತ್ತು. ಕೆಂಪು ತೂತುಕಲ್ಲಿನ ಗೋಡೆ, ಒಂದರ ಹಿಂದೊಂದು ಮೂರು ಕೋಣೆ. ಮುಂದಿನ ಪಡಸಾಲೆಯಲ್ಲಿ ಎರಡು ಉದ್ದ ಬೆಂಚು. ಸಂಜೆ ಅಲ್ಲಿ ಅಪ್ಪ ಬಜಾರಿನ ದೊಡ್ಡ ಅಂಗಡಿಯವರ, ಅಧಿಕಾರಿಗಳ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ನಡುವಿನ ಕೋಣೆಯಲ್ಲಿ ಊಟದ ಮೇಜು, ಒಂದು ಕಬ್ಬಿಣದ ಟ್ರಂಕು, ಗೋಡೆಯ ಗೂಡಿನಲ್ಲಿ ಬೈಬಲ್ಲು, ಅದರ ಪಕ್ಕ ಅಷ್ಟೇ ದಪ್ಪದ ಡಿಕ್ಷನರಿ. ಹಿಂದಿನದು ಅಡಿಗೆಮನೆ. ಅಪ್ಪ ಮಿಷನ್ ಸಾಲೆಯಲ್ಲಿ ಇಂಗ್ಲಿಷ್ ಮಾಸ್ತರು. ತಮ್ಮ ಅಂಗಿಗಳಿಗೆ ತಾವೇ ಇಸ್ತ್ರಿ ಹಾಕಿಕೊಳ್ಳುತ್ತಿದ್ದರು. ತೋಳಿನ ಮಡಿಕೆ ನೇರವಿರದಿದ್ದರೆ ನೀರು ಚಿಮುಕಿಸಿ ಮತ್ತೆ ಹಾಕುತ್ತಿದ್ದರು. ಅವ್ವ ಆಸ್ಪತ್ರೆಯಲ್ಲಿ ನರ್ಸು. ಅವಳು ಭಾಲ್ಕಿಯ ಪಾದ್ರಿಯೊಬ್ಬರ ಮಗಳು, ಆ ಮನೆಯಲ್ಲಿ ಮೂರು ತಲೆಮಾರಿನಿಂದ ಎಲ್ಲರೂ ಓದಿದವರು. ಭಾನುವಾರದ ಇಂಗ್ಲಿಷು ಅವಳಿಗೆ ಭಾರವಾಗಿರಲಿಲ್ಲ, ಆದರೆ ಹಸಿದಾಗ ಅದರ ಮೇಲೆ ಆಸಕ್ತಿಯೂ ಇರಲಿಲ್ಲ.

ಮೇಜಿನ ಇಂಗ್ಲಿಷಿಗೆ ಸೇರದೆ ಇದ್ದವಳು ಆಯಿ ಒಬ್ಬಳೇ. ಆಯಿ ಎಂದರೆ ಅಪ್ಪನ ತಾಯಿ. ಮೇಜಿಗೆ ಬಾ ಎಂದು ಅಪ್ಪ ಎಷ್ಟು ಕರೆದರೂ ಬರುತ್ತಿರಲಿಲ್ಲ. ಅಡಿಗೆಮನೆಯ ಹೊಸ್ತಿಲಿನ ಒಳಗೆ ಗೋಡೆಗೆ ಒರಗಿ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದಳು. ಉಳಿದ ಆರು ದಿನ ಅವಳ ಮಾತಿಗೆ ತಡೆ ಇರಲಿಲ್ಲ. ಔರಾದ ಕಡೆಯ ಕನ್ನಡ, ಅದರೊಳಗೆ ಮರಾಠಿ, ಸ್ವಲ್ಪ ತೆಲುಗು. ಯಾವುದು ಎಲ್ಲಿ ಮುಗಿದು ಯಾವುದು ಶುರುವಾಯಿತು ಎಂಬುದು ಅವಳಿಗೂ ಗೊತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಮಾತ್ರ ಸುಮ್ಮನಿರುತ್ತಿದ್ದಳು.

ನಾನು ಏಳನೆಯ ತರಗತಿಗೆ ಹೋದ ವರ್ಷ, ಅಂಥದೊಂದು ಊಟದ ನಡುವೆ ಹಿತ್ತಲಿನಿಂದ ಏನೋ ಸರ್ರನೆ ಬಂದು, ಅಡಿಗೆಮನೆ ದಾಟಿ ಮೇಜಿನ ಕೆಳಗೆ ನುಗ್ಗಿತು. ನಾನು ಕಾಲು ಮೇಲೆತ್ತಿ ಕೂತೆ. ಆಯಿ ನಿಯಮ ಮರೆತಳು.

"ಮುಂಗಸಿ, ಮುಂಗಸಿ. ಕದಾ ತೆಗೀರಿ, ಹೋಗ್ತದ ಅದು."

ಅಪ್ಪ ಎದ್ದು ಬಾಗಿಲು ತೆರೆದರು. ಪ್ರಾಣಿ ಪಡಸಾಲೆ ದಾಟಿ ಓಡಿತು. ಅವರು ಮತ್ತೆ ಕೂತು, ಮಕ್ಕಳಿಗೆ ತಿದ್ದುವ ಧ್ವನಿಯಲ್ಲಿ, "ಮಂಗೂಸ್" ಅಂದರು.

"ನಾ ಮತ್ತ ಯಾನ್ ಅಂದೆ?" ಎಂದಳು ಆಯಿ.

ಅವ್ವ ಕೆಮ್ಮಿದಂತೆ ಮಾಡಿ ನಗು ಮುಚ್ಚಿಕೊಂಡಳು. ಊಟವಾದ ಮೇಲೆ ನಾನು ಗೂಡಿನಿಂದ ಡಿಕ್ಷನರಿ ಇಳಿಸಿ ಆ ಪದ ಹುಡುಕಿದೆ. ಅರ್ಥಕ್ಕಿಂತ ಮೊದಲು, ಚೌಕ ಆವರಣದೊಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಅದು ಮರಾಠಿಯಿಂದ ಬಂದದ್ದು ಎಂದು ಬರೆದಿತ್ತು. ಆ ಆವರಣಗಳನ್ನು ನಾನು ಅಲ್ಲಿಯವರೆಗೆ ಮುದ್ರಣದ ಅಲಂಕಾರ ಎಂದುಕೊಂಡಿದ್ದೆ. ಹಿಂದೆ ಮುಂದೆ ಪುಟ ತಿರುವಿದೆ. ಪ್ರತಿ ಪದದ ಮುಂದೂ ಅದು ಹುಟ್ಟಿದ ಊರು ಬರೆದಿತ್ತು. ಹೆಚ್ಚಿನವು ಲ್ಯಾಟಿನ್, ಫ್ರೆಂಚ್ ಎಂದು ನನಗೆ ಏನೂ ಹೇಳದ ಹೆಸರುಗಳು. ನಡುನಡುವೆ ಮಾತ್ರ ನಮ್ಮ ಓಣಿಯವರು ಸಿಗುತ್ತಿದ್ದರು.

ಎರಡು ನೂರು ಪುಟದ ಒಂದು ನೋಟುಬುಕ್ಕಿನಲ್ಲಿ ಅವುಗಳನ್ನು ಬರೆಯತೊಡಗಿದೆ. ಮೊದಮೊದಲು ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದೆ. ಬಜಾರಿನಲ್ಲಿ ತೊಗರಿ ತುಂಬಿಡುವ ಗೋಣಿಯೇ ಇಂಗ್ಲಿಷಿನ ಗನ್ನಿ. ಆಸ್ಪತ್ರೆಯಲ್ಲಿ ಅವ್ವ ದಿನಾ ಎಣಿಸುವ ಕಾಟು ನಮ್ಮ ಖಾಟು. ಪೊಲೀಸರ ಖಾಕಿ ಎಂದರೆ ಫಾರ್ಸಿಯ ಧೂಳು. ಬಂಡಿಕೂಟ್ ಎಂಬ ಹೆಗ್ಗಣ ತೆಲುಗಿನ ಪಂದಿಕೊಕ್ಕು, ಅಂದರೆ ಹಂದಿ ಇಲಿ. ಇದನ್ನು ಆಯಿಗೆ ಓದಿ ಹೇಳಿದಾಗ, ಝಹೀರಾಬಾದಿನವರು ಹಾಗೇ ಅನ್ನುತ್ತಾರಲ್ಲ, ಅದನ್ನು ಪುಸ್ತಕದಲ್ಲಿ ಬರೆಯುವುದೇನಿದೆ ಎಂದಳು. ಜಂಗಲ್ ಎಂಬ ಪದ ಹುಟ್ಟಿದಾಗ ಅದಕ್ಕೆ ಕಾಡು ಎಂಬ ಅರ್ಥವೇ ಇರಲಿಲ್ಲವಂತೆ, ಮಳೆ ಕಡಿಮೆ ಬೀಳುವ ಒಣ ಬಯಲು ಎಂದಿತ್ತಂತೆ. ದಟ್ಟ ಕಾಡನ್ನೇ ನೋಡಿರದ ನನಗೆ ಇದು ಸಮಾಧಾನದ ಸಂಗತಿಯಾಗಿತ್ತು.

ಈ ಬೇಟೆಯಲ್ಲಿ ನನಗೆ ದೊಡ್ಡ ಜೊತೆ ಎದುರು ಮನೆಯ ಗಫೂರ ಚಾಚಾ. ಅವರು ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡಿದ್ದರು. ಸಾಲೆಯಿಂದ ಬರುವಾಗ ನನ್ನನ್ನು ಕಂಡರೆ ಪೆಡಲು ನಿಲ್ಲಿಸಿ, "ಆಜ್ ಕೌನ್ ಸಾ ಲಫ್ಜ್ ಲಾಯಿ?" ಎಂದು ಆ ದಿನದ ಪದ ಕೇಳುತ್ತಿದ್ದರು. ಪೈಜಾಮಾ ಕೂಡ ಇಂಗ್ಲಿಷ್ ಡಿಕ್ಷನರಿಯಲ್ಲಿದೆ ಎಂದ ದಿನ ಅವರು ಹೊಲಿಯುತ್ತಿದ್ದುದೇ ಪೈಜಾಮಾ.

"ಪಾಯ್ ಬೋಲೆ ತೋ ಪಾಂವ್, ಜಾಮಾ ಬೋಲೆ ತೋ ಕಪಡಾ," ಎಂದು ಕಾಲು ಮುಟ್ಟಿ, ಬಟ್ಟೆ ಮುಟ್ಟಿ ತೋರಿಸಿದರು. ಆಮೇಲೆ ಕನ್ನಡಕ್ಕೆ ಬಂದು, "ಅವರು ನಮ್ಮ ಪೈಜಾಮಾ ಒಯ್ದು ಅದನ್ನ ಹಾಕೊಂಡು ಮಲಗ್ತಾರ ನೋಡು. ನಾವು ಅದನ್ನೇ ಹಾಕೊಂಡು ನಮಾಜಿಗಿ ಹೋಗ್ತೇವ್," ಅಂದರು. ಅನ್ಯಾಯವಾಯಿತೆಂದೋ ಹೆಮ್ಮೆಯಿಂದಲೋ ಅವರ ಮುಖದಲ್ಲಿ ಗೊತ್ತಾಗಲಿಲ್ಲ.

ಅವ್ವನಿಗೂ ಕೆಲವು ಪದ ಕೊಟ್ಟೆ. ಅವಳು ರೋಗಿಗಳಿಗೆ ಅಳೆದು ಕುಡಿಸುವ ಸಿರಪ್ಪು, ರಮ್ಜಾನಿನಲ್ಲಿ ಗಫೂರ ಚಾಚಾನ ಮನೆಯಿಂದ ಬರುವ ಶರಬತ್ತು ಎರಡೂ ಒಂದೇ ಅರಬ್ಬಿ ಬೇರಿನವು ಎಂದಾಗ, "ಹಂಗಾದ್ರ ಕೆಮ್ಮಿನ ಔಷಧ ಅವರ ಮನಿಯಿಂದೇ ತರ್ಸೋಣು," ಅಂದಳು. ಆಲ್ಜಿಬ್ರಾ ಎಂದರೆ ಅರಬ್ಬಿಯಲ್ಲಿ ಮುರಿದದ್ದನ್ನು ಕೂಡಿಸುವುದು, ಎಲುಬು ಕೂರಿಸುವುದಕ್ಕೂ ಅದೇ ಮಾತು ಎಂದು ಓದಿ ಹೇಳಿದೆ. ಪ್ಲಾಸ್ಟರ್ ಹಾಕುವ ಕಾಂಪೌಂಡರನ ಹತ್ತಿರ ನಿನಗೆ ಲೆಕ್ಕ ಹೇಳಿಸುತ್ತೇನೆ ಎಂದು ಅವಳು ಅದನ್ನೂ ನಗೆಯಲ್ಲೇ ತೇಲಿಸಿದಳು.

ಅಪ್ಪನಿಗೆ ನೋಟುಬುಕ್ಕು ತೋರಿಸಲು ನಾನು ತಡಮಾಡಿದೆ. ಇಂಗ್ಲಿಷಿನವರು ನಮ್ಮಿಂದ ಇಷ್ಟೆಲ್ಲ ಒಯ್ದಿದ್ದಾರೆ ಎಂದರೆ ಅವರಿಗೆ ಸೇರಲಿಕ್ಕಿಲ್ಲ ಎಂದು ಹೆದರಿದ್ದೆ. ಅವರು ಎರಡು ಮೂರು ಪುಟ ನಿಧಾನವಾಗಿ ಓದಿದರು, ಒಂದು ಕಾಗುಣಿತ ತಿದ್ದಿದರು.

"ಹೌದು, ತಗೊಂಡಾರ," ಅಂದರು. "ಯಾರ ಮನಿದು ಅಂತ ಕೇಳದೇ ತಗೊಂಡಾರ. ಒಮ್ಮಿ ಒಳಗ ಬಂತಂದ್ರ ಅದು ಇಂಗ್ಲಿಷ್ ಶಬ್ದ. ಎಲ್ಲಿಂದ ಬಂದಿ, ನಿಮ್ಮಪ್ಪ ಯಾರು ಅಂತ ಅದಕ್ಕ ಯಾರೂ ಕೇಳಂಗಿಲ್ಲ. ಅದಕ್ಕೇ ಆ ಭಾಷಾ ದೊಡ್ಡದು."

ಅಪ್ಪ ನನ್ನೊಡನೆ ಹಾಗೆ ಒಂದು ವಿಷಯದ ಮೇಲೆ ನಾಲ್ಕು ವಾಕ್ಯ ಮಾತಾಡಿದ್ದು ಅದೇ ಮೊದಲು. ಇನ್ನು ಮೇಲೆ ಸಿಕ್ಕಸಿಕ್ಕಲ್ಲಿ ಹುಡುಕುವುದು ಬೇಡ, ಮೊದಲ ಅಕ್ಷರದಿಂದ ಒಂದೊಂದೇ ಪುಟ ಓದು ಎಂದು ದಾರಿ ಹಾಕಿಕೊಟ್ಟವರೂ ಅವರೇ. ಎಲ್ಲಿಗೆ ಹೋಗಿ ಮುಟ್ಟುತ್ತೇನೆ ಎಂಬುದು ಅವರಿಗೆ ಆಗ ಹೊಳೆದಿತ್ತೋ ಇಲ್ಲವೋ, ಈಗ ಹೇಳುವುದು ಕಷ್ಟ. ದಿನಕ್ಕೆ ಇಷ್ಟು ಪುಟ ಎಂದು ಓದುತ್ತ ಮಳೆಗಾಲ ಮುಗಿಯುವ ಹೊತ್ತಿಗೆ ಪಿ ಅಕ್ಷರಕ್ಕೆ ಬಂದೆ. ಅಲ್ಲಿ ಎರಡು ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಅಂಚಿನಲ್ಲಿ ಹಳದಿಗಟ್ಟಿದ ಅಂಟು ಕಾಣುತ್ತಿತ್ತು. ಬೈಂಡು ಮಾಡಿದವನ ಕೈತಪ್ಪು ಎಂದುಕೊಂಡೆ. ಒಂದು ಪುಟ ಬಿಟ್ಟರೆ ಲೆಕ್ಕ ತಪ್ಪುತ್ತದೆ ಎಂಬುದು ನನ್ನ ಚಿಂತೆ. ಶನಿವಾರ ಮಧ್ಯಾಹ್ನ, ಅಪ್ಪ ಮಾಸ್ತರರ ಮೀಟಿಂಗಿನಲ್ಲಿ, ಅವ್ವ ಡ್ಯೂಟಿಯಲ್ಲಿ, ಆಯಿ ಮಲಗಿದ್ದಾಗ ಚಹಾದ ಕಿಟ್ಲಿಯಲ್ಲಿ ನೀರು ಕುದಿಸಿ, ಅದರ ಆವಿಯ ಮೇಲೆ ಆ ಹಾಳೆಗಳನ್ನು ಹಿಡಿದೆ. ಪುಸ್ತಕಕ್ಕೆ ಹೊದಿಕೆ ಹಾಕುವಾಗ ನಾವು ಬಳಸುವ ಗೋಧಿಹಿಟ್ಟಿನ ಅಂಟಿನ ವಾಸನೆ ಬಂತು. ಹಾಳೆಗಳು ಬಿಟ್ಟುಕೊಂಡವು. ಒಳಗೆ ಒಂದೇ ಒಂದು ಪದದ ಕೆಳಗೆ ಪೆನ್ಸಿಲಿನ ಗೆರೆ ಇತ್ತು.

ಪಿ, ಎ, ಆರ್, ಐ, ಎ, ಎಚ್. ಪರಾಯಾ ಎಂದು ಓದಬೇಕೋ ಪರಯಾ ಎಂದು ಓದಬೇಕೋ ನನಗೆ ತಿಳಿಯಲಿಲ್ಲ. ಆವರಣದೊಳಗೆ ತಮಿಳು ಎಂದಿತ್ತು. ಪರೈ ಎಂಬ ಚರ್ಮದ ವಾದ್ಯ, ಅದನ್ನು ಬಾರಿಸುವ ಜನರ ಹೆಸರು. ಇಂಗ್ಲಿಷಿಗೆ ಬಂದಾಗ ಅರ್ಥ ಬೇರೆಯಾಗಿತ್ತು: ಎಲ್ಲರೂ ಹೊರಗಿಟ್ಟವನು, ಯಾರೂ ಹತ್ತಿರ ಸೇರಿಸದವನು. ಅದರ ಕೆಳಗೆ, ಬೀದಿನಾಯಿಯ ಒಂದು ಜಾತಿಗೂ ಅದೇ ಹೆಸರು ಎಂದಿತ್ತು. ದಕ್ಷಿಣದಿಂದ ಹೋದ, ಇಷ್ಟು ತಿರುವು ಪಡೆದ ಪದ ನನಗೆ ಅದುವರೆಗೆ ಸಿಕ್ಕಿರಲಿಲ್ಲ. ನೋಟುಬುಕ್ಕಿನಲ್ಲಿ ಕೆಂಪು ಶಾಯಿಯಿಂದ ಬರೆದೆ. ನಮ್ಮ ಮನೆಯ ಹಳೆಯ ಕಥೆಗಳೆಲ್ಲ ಬೀದರಿನ ಮಿಷನ್ ಆಸ್ಪತ್ರೆಯ ಗೇಟಿನಿಂದ ಶುರುವಾಗುತ್ತಿದ್ದವು. ಆಯಿ ಅಲ್ಲಿ ಆಯಾ ಆಗಿದ್ದಳು, ಅಪ್ಪ ಅಲ್ಲಿನ ಹಾಸ್ಟೆಲಿನಲ್ಲಿ ಓದಿದರು. ಅದಕ್ಕೂ ಹಿಂದೆ ಔರಾದ ಎಂಬ ಹೆಸರೊಂದನ್ನು ಬಿಟ್ಟರೆ ನನಗೇನೂ ಗೊತ್ತಿರಲಿಲ್ಲ.

ಮರುದಿನ ಊಟಕ್ಕೆ ಮಟನ್ ಇತ್ತು. ಅಪ್ಪ ಒಳ್ಳೆಯ ಮನಸ್ಸಿನಲ್ಲಿದ್ದರು. ಈ ವಾರ ಏನು ಸಿಕ್ಕಿತು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಎದ್ದು ನಿಂತು, ಪಾಠ ಒಪ್ಪಿಸುವಂತೆ ಪದ ಹೇಳಿ, ಮೂಲ ಹೇಳಿ, ಅರ್ಥ ಹೇಳಿದೆ. ನಾಯಿಯ ವಿಷಯವನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ನೋಡಿದರೆ ಅಪ್ಪನ ಕೈ ತಟ್ಟೆಯ ಮೇಲೆ ನಿಂತಿತ್ತು. ಅವ್ವ ನನ್ನ ಲಂಗದ ಅಂಚು ಹಿಡಿದು ಕೆಳಗೆ ಎಳೆದು ಕೂರಿಸಿದಳು.

ಹೊಸ್ತಿಲಿನಿಂದ ಆಯಿ ಕೇಳಿದಳು. "ಯಾನ್ ಹೇಳ್ಲತ್ತಾಳ ಪೋರಿ?"

ಅವಳು ಮತ್ತೆ ಕೇಳಿದಳು. ಉತ್ತರ ಕೊಡಬೇಕಾದವಳು ನಾನೇ ಎನ್ನಿಸಿ ಕನ್ನಡದಲ್ಲಿ ಹೇಳಿದೆ.

"ಹಲಗಿ ಬಾರಸವ್ರ ಹೆಸರಂತ ಆಯಿ. ಇಂಗ್ಲಿಷಿನ್ಯಾಗ ಅದಕ್ಕ, ಯಾರೂ ಹತ್ರ ಸೇರಸದವ ಅಂತ ಅರ್ಥ ಆಗ್ಯಾದ."

ಆಯಿ ತಟ್ಟೆಯನ್ನು ಕೆಳಗಿಟ್ಟಳು. "ಅಲ್ಲೀ ತನಕಾ ಹೋಗ್ಯಾದಾ," ಎಂದಳು. ಪ್ರಶ್ನೆಯಂತಿರಲಿಲ್ಲ ಅದು. ದೂರದ ನೆಂಟರ ಸುದ್ದಿ ತಿಳಿದವರು ಅನ್ನುವ ಹಾಗಿತ್ತು.

ಅಪ್ಪ ಎದ್ದು ಕೈ ತೊಳೆದು, ಡಿಕ್ಷನರಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಅವ್ವ ಮೇಜು ಒರೆಸಿದಳು. ನಾನು ಏನು ತಪ್ಪು ಮಾಡಿದೆ ಎಂದು ಕೇಳಿದರೆ, ನೀನೇನೂ ಮಾಡಿಲ್ಲ, ಆಯಿಯ ಹತ್ತಿರ ಹೋಗು ಎಂದಳು.

ಹಿತ್ತಲಿನ ಬೇವಿನ ನೆರಳಿನಲ್ಲಿ ಆಯಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಅವಳು ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಬರೆಯುತ್ತೇನೆ. ಅತ್ತುಕೊಂಡು ಹೇಳಲಿಲ್ಲ. ಕಲ್ಲು ಸಿಕ್ಕಾಗ ಮಾತು ನಿಲ್ಲಿಸಿ, ಅದನ್ನು ಆರಿಸಿ ಎಸೆದು, ಮುಂದುವರಿಸುತ್ತಿದ್ದಳು.

"ನಿಮ್ಮ ಮುತ್ಯಾ, ನಿಮ್ಮಪ್ಪನ ಅಪ್ಪ, ಹಲಗಿ ಬಾರಸ್ತಿದ್ರು. ಔರಾದ ಕಡಿ ನಮ್ಮ ಊರಾಗ ಯಾರಾರ ಸತ್ರ ಮೊದಲ ಸುದ್ದಿ ನಮ್ಮ ಮನಿಗೇ ಬರ್ತಿತ್ತು. ಹಲಗಿ ಮುಂದ, ಹೆಣ ಹಿಂದ. ಉಣ್ಣೂ ಹೊತ್ತಿನ್ಯಾಗ ಮಾತ್ರ ಎಲ್ಲರ ಹಿಂದ ನಾವು. ನಿಮ್ಮಪ್ಪ ಆರು ವರ್ಷದಾಂವ ಇದ್ದಾಗ ಅವರು ಜ್ವರ ಬಂದು ಹೋದ್ರು. ಅವರ ಹೆಣದ ಮುಂದ ಬಾರಸಲಕ್ಕ ಯಾರೂ ಇದ್ದಿಲ್ಲ. ಊರವರು ಆ ಹಲಗಿ ತಂದು ನಿಮ್ಮಪ್ಪನ ಕೊಳ್ಳಾಗ ಹಾಕಿದ್ರು. ಮೊಣಕಾಲ ತನಕಾ ಬರ್ತಿತ್ತು. ಬಾರಸ್ಕೋತ ಹೋದ. ನಾ ಹಿಂದ ಹಿಂದ ನೋಡ್ಕೋತ ಹೋದೆ. ಮಣ್ಣ ಮಾಡಿ ಬಂದು, ಈ ಕೈ ಇನ್ನೊಮ್ಮಿ ಅದನ್ನ ಮುಟ್ಟಬಾರದು ಅಂತ ಅಂದೆ. ಎರಡು ದಿನ ನಡದು ಬೀದರಿಗಿ ಬಂದೆ. ದವಾಖಾನಿ ಫರಶಿ ಒರಸಲಕ್ಕ ಮಂದಿ ಬೇಕಾಗಿದ್ರು."

ನಾನು ಅಪ್ಪನ ಕೈಗಳನ್ನು ನೆನೆಸಿಕೊಂಡೆ. ಬೋರ್ಡಿನ ಮೇಲೆ ಗೆರೆ ಎಳೆದಂತೆ ಬರೆಯುವ, ಇಸ್ತ್ರಿ ಹಿಡಿಯುವ ಕೈ. ಅವು ಬೇರೇನನ್ನೂ ಹಿಡಿದಿರಬಹುದು ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಮರುದಿನ ಬೆಳಗ್ಗೆ ಆಯಿ ಬಟ್ಟೆಯ ಗಂಟು ಕಟ್ಟಿಕೊಂಡು, ತಂಗಿಯನ್ನು ನೋಡಿ ಬರುತ್ತೇನೆ ಎಂದು ಔರಾದ ಬಸ್ಸು ಹತ್ತಿದಳು. ನನಗೆ ಬುದ್ಧಿ ಬಂದಾಗಿನಿಂದ ಅವಳು ಆ ಕಡೆ ಹೋದದ್ದಿರಲಿಲ್ಲ. ಅಪ್ಪ ಬಸ್‌ಸ್ಟ್ಯಾಂಡಿನ ತನಕ ಹೋಗಿ ಕೂರಿಸಿ ಬಂದರು. ಇಬ್ಬರ ನಡುವೆ ಏನು ಮಾತಾಯಿತೋ ಗೊತ್ತಿಲ್ಲ. ಮೂರು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ನಾಲ್ಕನೆಯ ದಿನ ಬೆಳಗ್ಗೆ ಪಡಸಾಲೆಯಲ್ಲಿ ಇಸ್ತ್ರಿ ಹಾಕುತ್ತಿದ್ದ ಅಪ್ಪ ನನ್ನನ್ನು ಕರೆದರು.

"ಆ ಪುಟ ಬೈಂಡಿಂಗ್ ಮಾಡಿದವ ಅಂಟ್ಸಿಲ್ಲ. ನಾ ಅಂಟ್ಸೇನಿ," ಅಂದರು. "ಟ್ರೇನಿಂಗ್ ಮುಗದಾಗ ನಮ್ಮ ಹಾಸ್ಟೆಲಿನ ಮಿಸ್ಸಮ್ಮ ಆ ಡಿಕ್ಷನರಿ ಇನಾಮ ಕೊಟ್ಟಿದ್ರು. ಮೊದಲನೇ ವರ್ಷ ಏಳನೇ ಕ್ಲಾಸಿಗಿ ಪಾಠ ಮಾಡಲಕ್ಕ ಕೂತಾಗ ಆ ಶಬ್ದ ಬಂತು. ಅರ್ಥ ಗೊತ್ತಿದ್ದಿಲ್ಲ. ತೆಗದು ನೋಡ್ದೆ."

ಅಂಗಿಯನ್ನು ತಿರುವಿ ಹಾಕಿದರು. ಮುಂದೆ ಹೇಳುತ್ತಾರೆಂದು ನಾನು ನಿಂತೇ ಇದ್ದೆ.

"ಈ ಭಾಷಾದಾಗಾದ್ರೂ ಅದು ಇರಂಗಿಲ್ಲ ಅಂತ ತಿಳದಿದ್ದೆ ನಾ. ಅಷ್ಟೇ," ಎಂದರು.

"ಆ ಪಾಠ ಈಗೂ ಅದ ಏನ್ರಿ ಅಪ್ಪಾ?"

"ಅದ. ಈ ವಾರನೇ ಬರ್ತದ."

ಏಳನೆಯ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಒಬ್ಬ ನಾವಿಕನ ಕಥೆ ಇತ್ತು. ಮಾಡದ ಕಳವಿನ ಆರೋಪ ಹೊತ್ತ ಅವನೊಡನೆ ಹಡಗಿನಲ್ಲಿ ಯಾರೂ ಉಣ್ಣುವುದಿಲ್ಲ, ಮಾತಾಡುವುದಿಲ್ಲ. ಎರಡನೆಯ ಪುಟದಲ್ಲಿ ಆ ಪದ ಬರುತ್ತದೆ. ಅಪ್ಪನ ಹಳೆಯ ವಿದ್ಯಾರ್ಥಿಗಳನ್ನು ನಾನು ಆಮೇಲೆ ಕೇಳಿದ್ದೇನೆ. ಪ್ರತಿ ವರ್ಷ ಅವರು ಅಲ್ಲಿ 'ಬಹಿಷ್ಕೃತ' ಎಂದು ಒಂದೇ ಮಾತು ಹೇಳಿ ಮುಂದಿನ ಸಾಲಿಗೆ ಹೋಗುತ್ತಿದ್ದರಂತೆ. ಆ ಶುಕ್ರವಾರ ನಾನು ಎರಡನೆಯ ಬೆಂಚಿನಲ್ಲಿ ಕೂತಿದ್ದೆ. ಅಪ್ಪ ಪದವನ್ನು ಬೋರ್ಡಿನ ಮೇಲೆ ಬರೆದರು. ಅದರ ಪಕ್ಕ ಚೌಕ ಆವರಣ ಹಾಕಿ, ತಮಿಳು ಎಂದು ಬರೆದರು. ಇಂಗ್ಲಿಷಿನ ಪದಗಳು ಎಲ್ಲೆಲ್ಲಿಂದ ಬಂದಿವೆ ಎಂದು ಐದು ನಿಮಿಷ ಹೇಳಿದರು. ಗೋಣಿ, ಖಾಟು, ಮುಂಗಸಿ ಎಲ್ಲ ನನ್ನ ನೋಟುಬುಕ್ಕಿನವೇ. ಹುಡುಗರು ನಗುತ್ತ ಕೇಳುತ್ತಿದ್ದರು. ಆಮೇಲೆ ಬೋರ್ಡಿಗೆ ತಿರುಗಿ ಆ ಪದದ ಕೆಳಗೆ ಗೆರೆ ಎಳೆದರು.

"ಇದು ಒಂದು ವಾದ್ಯ ಬಾರಿಸುವವರ ಹೆಸರು. ಅವರು ಯಾರಿಗೂ ಏನೂ ಮಾಡಿಲ್ಲ. ಬರೀ ಬಾರಿಸ್ತಿದ್ರು. ಹೆಸರು ಹಡಗು ಹತ್ತಿ ಹೋಗೂದ್ರಾಗ ಬೈಗಳ ಆಗಿತ್ತು. ನಮ್ಮ ಕಡೆ ಆ ವಾದ್ಯಕ್ಕ ಹಲಗಿ ಅಂತಾರ. ನಮ್ಮ ತಂದಿ ಬಾರಸ್ತಿದ್ರು." ತಂದೆಯ ಹೆಸರು ಹೇಳಿದರು, ಊರು ಹೇಳಿದರು. "ಒಮ್ಮೆ ನಾನೂ ಬಾರಿಸಿದ್ದೇನೆ," ಅಂದರು.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕು ನಿಲ್ಲಿಸಿದರು. ಅಪ್ಪ ಪುಸ್ತಕ ಎತ್ತಿಕೊಂಡು ಮುಂದಿನ ಸಾಲು ಓದಿದರು. ಅವರ ಧ್ವನಿ ಯಾವತ್ತಿನಂತೆಯೇ ಇತ್ತು. ಬದಲಾದವಳು ನಾನು. ಪಕ್ಕದ ಹುಡುಗಿ ನನ್ನ ಮುಖ ನೋಡುತ್ತಿದ್ದಾಳೆ ಎಂದು ತಿಳಿದು ಡೆಸ್ಕಿನ ಮೇಲೆ ಕಣ್ಣು ನೆಟ್ಟೆ. ನಾನು ಹುಡುಕಿ ತೆಗೆದ ಪದ, ಕೆಂಪು ಶಾಯಿಯಲ್ಲಿ ಬರೆದ ಪದ. ಅದು ಯಾರದೋ ಆಗಿದ್ದಾಗ ಎದ್ದು ನಿಂತು ಓದಿದ್ದೆ. ನಮ್ಮದಾದ ಕೂಡಲೇ ಅಪ್ಪ ಸುಮ್ಮನಿರಬಾರದಿತ್ತೇ ಎನ್ನಿಸಿತು. ಆ ಗಂಟೆ ಪೂರ್ತಿ ನಾನು ಅವರ ಮೇಲೆ ಸಿಟ್ಟಿನಲ್ಲಿದ್ದೆ. ಇದನ್ನು ಅವರಿಗೆ ಯಾವತ್ತೂ ಹೇಳಲಿಲ್ಲ. ನಾನೂ ಮುಂದೆ ಇಂಗ್ಲಿಷ್ ಟೀಚರಾಗಿ ಭಾಲ್ಕಿಯ ಒಂದು ಸಾಲೆಗೆ ಸೇರಿದೆ. ಪುಸ್ತಕ ಬದಲಾಗಿತ್ತು, ಆದರೆ ಆ ಪದ ಇನ್ನೊಂದು ಪಾಠದಲ್ಲಿ ಕೂತು ಕಾಯುತ್ತಿತ್ತು. ಮೊದಲ ಎರಡು ವರ್ಷ ನಾನು 'ಬಹಿಷ್ಕೃತ' ಎಂದು ಹೇಳಿ ಮುಂದಿನ ಸಾಲಿಗೆ ಹೋದೆ. ಮೂರನೆಯ ವರ್ಷ ಹೇಳಿದೆ. ಅಪ್ಪನ ಧ್ವನಿ ನಡುಗಿರಲಿಲ್ಲ, ನನ್ನದು ನಡುಗಿತು.

ಆ ಶುಕ್ರವಾರ ಸಂಜೆ ಸುದ್ದಿ ನಮಗಿಂತ ಮೊದಲು ಮನೆ ಮುಟ್ಟಿತ್ತು. ಅವ್ವ ಯೂನಿಫಾರ್ಮ್ ಕೂಡ ಬಿಚ್ಚದೆ ನಿಂತಿದ್ದಳು. ಅಪ್ಪ ಅವ್ವ ಜಗಳವಾಡಿದ್ದನ್ನು ನಾನು ನೋಡಿದ್ದು ಕಡಿಮೆ.

"ಸಾಲ್ಯಾಗ ಅದನ್ನ ಹೇಳೂ ಗರಜ್ ಯಾನಿತ್ತರಿ?"

"ಪಾಠದಾಗ ಇತ್ತು."

"ಪಾಠದಾಗ ಹಡಗ ಇತ್ತು. ನಿಮ್ಮಪ್ಪ ಇದ್ದಿಲ್ಲ. ಮನ್ಯಾಗ ಹೆಣ್ಣ ಹುಡುಗಿ ಅದಾಳ, ಥೋಡೆ ವಿಚಾರ ಮಾಡ್ಬೇಕಿತ್ತಿಲ್ರಿ?"

"ಅಕಿನೇ ತೆಗದು ಓದ್ಯಾಳಲ್ಲ," ಎಂದರು ಅಪ್ಪ. "ಓದಿದ ಮ್ಯಾಲ ಮತ್ತ ಹ್ಯಾಂಗ ಅಂಟಸ್ಲಿ?"

ಅವ್ವ ಒಲೆ ಹಚ್ಚಲು ಹೋದಳು. ಅವಳ ಲೆಕ್ಕ ತಪ್ಪಿರಲಿಲ್ಲ. ಸೋಮವಾರ ಪಡಸಾಲೆಗೆ ಪಾಠಕ್ಕೆ ಬರುತ್ತಿದ್ದ ಏಳು ಮಕ್ಕಳಲ್ಲಿ ಮೂವರು ಬಂದರು. ಬುಧವಾರ ಒಬ್ಬ. ಅವನೂ ಚೀಲ ಕೆಳಗಿಡದೆ ಕೂತಿದ್ದು ಎದ್ದು ಹೋದ. ಯಾರೂ ಕಾರಣ ಹೇಳಲಿಲ್ಲ. ಒಬ್ಬರ ಮನೆಯಿಂದ ಹೊಟ್ಟೆನೋವು ಎಂದು, ಇನ್ನೊಬ್ಬರ ಮನೆಯಿಂದ ಊರಿಗೆ ಹೋಗಿದ್ದಾನೆ ಎಂದು ಮಾತು ಬಂತು. ಸಾಲೆಯಲ್ಲಿ ನನ್ನ ಬೆಂಚಿನ ಹುಡುಗಿ ನನ್ನ ಬಾಟಲಿಯ ನೀರು ಕುಡಿಯುವುದನ್ನು ಬಿಟ್ಟಳು. ಮಾತು ಬಿಡಲಿಲ್ಲ, ನೀರು ಮಾತ್ರ ಬಿಟ್ಟಳು. ಗಫೂರ ಚಾಚಾ ಮಾತ್ರ ಪೆಡಲು ನಿಲ್ಲಿಸಿ ಎಂದಿನಂತೆ ಆ ದಿನದ ಪದ ಕೇಳಿದರು. ಇವತ್ತು ಯಾವುದೂ ಇಲ್ಲ ಚಾಚಾ ಎಂದೆ. "ನಾಳಿ ತಾ, ಬೇಟಾ," ಎಂದು ಮತ್ತೆ ಹೊಲಿಯತೊಡಗಿದರು. ಅಪ್ಪ ಟ್ರಂಕಿನ ಬೀಗ ತೆಗೆದು ಡಿಕ್ಷನರಿಯನ್ನು ಗೂಡಿಗೆ ಮರಳಿಸಿದರು. ಭಾನುವಾರದ ಇಂಗ್ಲಿಷು ನಿಲ್ಲಲಿಲ್ಲ, ಅದರಲ್ಲಿ ಒಂದು ರಿಯಾಯಿತಿಯೂ ಸಿಗಲಿಲ್ಲ.

ಹದಿನೈದು ದಿನದ ಮೇಲೆ, ಶನಿವಾರ ಸಂಜೆ, ಆಯಿ ಔರಾದಿನಿಂದ ಬಂದಳು. ಗಂಟು ಹೊತ್ತುಕೊಂಡೇ ಪಡಸಾಲೆ ಹತ್ತಿ ಖಾಲಿ ಬೆಂಚುಗಳನ್ನು ನೋಡಿದಳು. ಅಪ್ಪ ಕುರ್ಚಿಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಪೋರಗೋಳು ಯಾಕ ಬಂದಿಲ್ಲ?"

"ಬರಂಗಿಲ್ಲವ್ವ."

"ಯಾಕ?"

ಅಪ್ಪ ಪೆನ್ನಿನ ಮುಚ್ಚಳ ಹಾಕಿದರು. "ಸಾಲ್ಯಾಗ ಅಪ್ಪನ ಮಾತ ಹೇಳ್ದೆ. ಹಲಗಿ ಬಾರಸ್ತಿದ್ರು ಅಂತ ಎಲ್ಲರ ಮುಂದ ಹೇಳ್ದೆ."

ಆಯಿ ಗಂಟನ್ನು ಬೆಂಚಿನ ಮೇಲಿಟ್ಟು ಅದರ ಪಕ್ಕದಲ್ಲೇ ಕೂತಳು. ಹುಡುಗರ ಬೆಂಚಿನ ಮೇಲೆ ಅವಳು ಕೂತದ್ದನ್ನು ನಾನು ಮೊದಲ ಸಲ ನೋಡಿದೆ. ಬಯ್ಯುತ್ತಾಳೆ ಅಂದುಕೊಂಡೆ, ಅಪ್ಪನ ಕೈಯಿಂದ ಹಲಗಿಯನ್ನು ಬಿಡಿಸಲು ಎರಡು ದಿನ ನಡೆದವಳು ಅವಳು.

"ಹೆಸರ ಹೇಳ್ದಿ?"

"ಹೇಳ್ದೆ."

"ಯಾನ್ ಅಂತ ಹೇಳ್ದಿ?"

ಗಂಡನ ಹೆಸರನ್ನು ಅವಳು ತನ್ನ ಬಾಯಿಂದ ಯಾವತ್ತೂ ಹೇಳಿದವಳಲ್ಲ. ಅಪ್ಪ ಎದ್ದು ನಿಂತು ಹೇಳಿದರು.

"ಮಾಣಿಕಪ್ಪ ಅಂತ ಹೇಳ್ದೆ."

ಆಯಿ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. ಬಸ್ಸಿನ ದಾರಿಯ ಕೆಂಪು ಧೂಳು ಕುತ್ತಿಗೆಯ ತನಕ ಹತ್ತಿತ್ತು.

"ಊರಾಗ ಯಾರೂ ಹಂಗ ಕರದಿದ್ದಿಲ್ಲ," ಎಂದಳು. "ಏ ಅಂತಿದ್ರು. ಬಾರೋ ಏ ಅಂತಿದ್ರು."

ಸ್ವಲ್ಪ ಹೊತ್ತು ಅಪ್ಪನ ಮುಖವನ್ನೇ ನೋಡಿದಳು.

"ಇನ್ನೊಮ್ಮಿ ಅನ್ನು."

ಅಪ್ಪ ಇನ್ನೊಮ್ಮೆ ಅಂದರು.